ಬಲ್ಲ ಹುಡುಗ ಮಾಡಲಾರನೇಕೆ?

ಬನಹಟ್ಟಿಯ ನೇಕಾರರ ಮನೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದಾನೆಂದು ಭಾವಿಸಿರಿ. ಜಮಖಂಡಿಗೂ ಮುಧೋಳಕ್ಕೂ ಹೋಗುವ ಬಸ್ಸುಗಳ ವೇಳೆಯೆಲ್ಲ ಅವನಿಗೆ ಕಂಠಪಾಠ. ಆದರೆ ಮುಂಜಾನೆ ಸ್ನಾನ ಮುಗಿಸಿ, ಅಂಗಿ ತೊಟ್ಟು, ಚೀಲ ಹೆಗಲಿಗೇರಿಸುವಷ್ಟರಲ್ಲಿ ತಾಯಿ ಇಪ್ಪತ್ತು ಸಲ ಕೂಗಬೇಕು. ಓಣಿಯಲ್ಲಿ ಗಟಾರ ಅಗೆದು ದಾರಿ ಬದಲಾದ ದಿನವಂತೂ ನೆಲಕ್ಕೆ ಕುಳಿತು ಅಳುತ್ತಾನೆ. ‘ಬುದ್ಧಿ ಐತಿ, ಆದ್ರ ಭಾಳ ಹಟಮಾರಿ’ ಎಂದು ನೆರೆಯವರು ತೀರ್ಪು ಕೊಡುತ್ತಾರೆ. ಮಗುವಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಬಲ್ಲುದು ಬೇರೆ, ಬಲ್ಲುದನ್ನು ಸಕಾಲದಲ್ಲಿ ಸಕ್ರಮವಾಗಿ ನಡೆಸುವುದು ಬೇರೆ. ನೂಲು ಮನೆಯಲ್ಲಿದ್ದ ಮಾತ್ರಕ್ಕೆ ಸೀರೆಯಾಗದು. ಹಾಸು ಹೂಡಬೇಕು, ಕಂಡಿಕೆ ಸುತ್ತಬೇಕು, ಎಳೆ ಹರಿದರೆ ಕೈ ತಡೆಯಬೇಕು. ಯೋಜನೆ, ಸಂಯಮ, ಮಾಡುತ್ತಿರುವ ಕೆಲಸದ ನೆನಪು, ಪರಿಸ್ಥಿತಿ ಬದಲಾದಾಗ ಮನಸ್ಸನ್ನು ಹೊರಳಿಸುವುದು—ಇವನ್ನು ಮನಶ್ಶಾಸ್ತ್ರಜ್ಞರು ಒಟ್ಟಾಗಿ ಕಾರ್ಯನಿರ್ವಹಣಾ ಶಕ್ತಿಯೆಂದು ಕರೆಯುತ್ತಾರೆ. ಆಟಿಸಂ, ಎಂದರೆ ಸ್ವಲೀನತೆಯುಳ್ಳ ಅನೇಕ ಮಕ್ಕಳಲ್ಲಿ ಇದು ದುರ್ಬಲವಾಗಿರುತ್ತದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ವರ್ಣಿಸಿದಾಗಲೇ, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಅವರ ಹಂಬಲವನ್ನು ಗುರುತಿಸಿದ್ದರು.

ಇದನ್ನು ಅಳೆಯುವುದೆಂತು? 1948ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ಕಾರ್ಡು ಪರೀಕ್ಷೆ ಪ್ರಸಿದ್ಧವಾದುದು. ಬಣ್ಣ, ಆಕಾರ, ಸಂಖ್ಯೆಗಳಲ್ಲಿ ಯಾವುದನ್ನು ಹಿಡಿದು ಕಾರ್ಡುಗಳನ್ನು ವಿಂಗಡಿಸಬೇಕೆಂದು ಪರೀಕ್ಷಕರು ಹೇಳುವುದಿಲ್ಲ. ಸರಿ ಅಥವಾ ತಪ್ಪು ಎಂದಷ್ಟೇ ನುಡಿಯುತ್ತಾರೆ. ಮಗುವಿಗೆ ನಿಯಮ ಹೊಳೆದು ಸತತವಾಗಿ ಹತ್ತು ಸಲ ಸರಿಯಾದ ಮೇಲೆ ಸದ್ದಿಲ್ಲದೆ ನಿಯಮ ಬದಲಾಗುತ್ತದೆ. ಹಳೆಯದನ್ನೇ ಎಷ್ಟು ಹೊತ್ತು ಹಿಡಿದುಕೊಂಡಿರುತ್ತದೆ ಎಂಬುದೇ ಅಳತೆ. ಸೊಗಸಾದ ಪರೀಕ್ಷೆ. ಆದರೆ 1995ರಲ್ಲಿ ಸ್ಯಾಲಿ ಓಜೋನಾಫ್ ಎಂಬ ವಿದುಷಿ, ಇದನ್ನೇ ಕಂಪ್ಯೂಟರಿನಲ್ಲಿ ಆಡಿಸಿದರೆ ಸ್ವಲೀನತೆಯ ಮಕ್ಕಳು ಹೆಚ್ಚು ಚೆನ್ನಾಗಿ ಮಾಡುವುದನ್ನು ತೋರಿಸಿದರು. ಹಾಗಾದರೆ ಎಡವಿದ್ದು ಕಾರ್ಡಿನಲ್ಲೋ, ಎದುರಿಗೆ ಕುಳಿತ ಮನುಷ್ಯನಲ್ಲೋ?

ಇನ್ನೊಂದು ತೊಡಕಿದೆ. ಪರೀಕ್ಷೆಯ ಕೋಣೆ ನಿಶ್ಶಬ್ದ. ಒಂದು ಸಲಕ್ಕೆ ಒಂದೇ ಕೆಲಸ. ಅದನ್ನೂ ಆರಂಭಿಸಿಕೊಡಲು ಒಬ್ಬರಿದ್ದಾರೆ. ಮನೆಯಲ್ಲಾದರೋ ಪವರ್‌ಲೂಮಿನ ಖಟಖಟ, ಒಲೆಯ ಮೇಲಿನ ರೊಟ್ಟಿ, ತಂಗಿಯ ಅಳು. ಆದುದರಿಂದಲೇ 2000ದಲ್ಲಿ ‘ಬ್ರೀಫ್’ ಎಂಬ 86 ಪ್ರಶ್ನೆಗಳ ಪಟ್ಟಿ ಬಂದಿತು. ಉತ್ತರಿಸುವವರು ತಂದೆ-ತಾಯಿ ಹಾಗೂ ಶಿಕ್ಷಕರು. 2013ರಲ್ಲಿ 20 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕೋಣೆಯ ಅಂಕಗಳಿಗೂ ಇಂಥ ಪಟ್ಟಿಗಳಿಗೂ ಹೊಂದಿಕೆ ತೀರ ಅಲ್ಪವೆಂದು ಕಂಡುಬಂದಿತು. ತಾಯಿ ಉತ್ಪ್ರೇಕ್ಷಿಸುತ್ತಾಳೆಂದಲ್ಲ, ಎರಡೂ ಅಳೆಯುವುದು ಬೇರೆ ಬೇರೆ ಸಂಗತಿಗಳನ್ನು.

ನಮ್ಮಲ್ಲಿ ಪ್ರಮಾಣಪತ್ರಕ್ಕಾಗಿ ಬಳಸುವ ಐ.ಎಸ್.ಎ.ಎ. ಎಂಬ ಭಾರತೀಯ ಮಾಪನವು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದುದು. 40 ಅಂಶಗಳು, ಪ್ರತಿಯೊಂದಕ್ಕೆ 1ರಿಂದ 5 ಅಂಕ. 70ಕ್ಕಿಂತ ಕಡಿಮೆಯಾದರೆ ಸ್ವಲೀನತೆಯಿಲ್ಲವೆಂದು ಲೆಕ್ಕ. ಉಪಯುಕ್ತವೇ ಸರಿ, ಆದರೆ ಮುಂಜಾನೆಯ ಆ ಇಪ್ಪತ್ತು ಕೂಗುಗಳ ಕಾರಣವನ್ನು ಹುಡುಕಲು ಮಾಡಿದ್ದಲ್ಲ. ಪತ್ರ ಕೈಗೆ ಬಂದೊಡನೆ ಪರೀಕ್ಷೆ ಮುಗಿಯಿತೆಂದುಕೊಳ್ಳುವ ಪಾಲಕರು ಇದನ್ನು ಗಮನಿಸಬೇಕು.

ಬೀಳಗಿಯಿಂದಾಗಲಿ ರಬಕವಿಯಿಂದಾಗಲಿ ಧಾರವಾಡದ ಡಿಮ್ಹಾನ್ಸ್‌ಗೆ ಹೊರಡುವವರು ಬರಿಗೈಯಲ್ಲಿ ಹೋಗಬಾರದು. ಎರಡು ವಾರ ಒಂದು ನೋಟುಪುಸ್ತಕ ಇಡಿರಿ. ಯಾವ ಕೆಲಸ, ಎಲ್ಲಿ ನಿಂತಿತು, ಎಷ್ಟು ಸಲ ನೆನಪಿಸಿದಿರಿ, ಗದ್ದಲವಿತ್ತೇ, ದಿನಚರಿ ಬದಲಾಗಿತ್ತೇ? ಮಾಡುವ ಕ್ರಮವನ್ನು ಚಿತ್ರ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದಾಗ ಕೂಗು ಕಡಿಮೆಯಾಯಿತೇ? ಶಾಲೆಯ ಗುರುಗಳಿಂದಲೂ ಒಂದು ಪುಟ ಬರೆಸಿರಿ. ಪ್ರಶ್ನೆಗಳನ್ನು ಮಗುವಿನ ಮನೆಮಾತಿನಲ್ಲಿ ಕೇಳಬೇಕೆಂದು ತಜ್ಞರಲ್ಲಿ ಸಂಕೋಚವಿಲ್ಲದೆ ವಿನಂತಿಸಿರಿ. ಪುಸ್ತಕದ ಕನ್ನಡ ತಿಳಿಯದಿದ್ದುದು ಬುದ್ಧಿಯ ಕೊರತೆಯೆಂದು ದಾಖಲಾಗಬಾರದು. ಅಜ್ಜಿಯ ಕೈಯಲ್ಲೇ ಹುಡುಗ ಬೆಳೆಯುತ್ತಿದ್ದರೆ, ಆಕೆಯನ್ನೂ ಕರೆದೊಯ್ಯಿರಿ.