ಎಕ್ಸ್ ಬದಲು 'ಕ' ಇಡಿ!



ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕನ್ನಡ ಬೋರ್ಡಿಗಾಗಿ ಕೂಗುತ್ತೇವೆ. ಕೂಗಲೇಬೇಕು. ಆದರೆ ಕೋಚಿಂಗ್ ಕೋಣೆಗಳ ಒಳಗಿನ ಬೋರ್ಡಿನ ಬಗ್ಗೆ ಕೂಗುವವರು ಯಾರು? ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ 'ಅಪವರ್ತನ' ಕಲಿತ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟ ದಿನ 'ಫ್ಯಾಕ್ಟರೈಸೇಷನ್' ಎಂಬ ಮಾತು ಕೇಳಿ ಬೆವರುತ್ತಾಳೆ. ಲೆಕ್ಕ ಅವಳಿಗೆ ಗೊತ್ತು, ಹೆಸರು ಗೊತ್ತಿಲ್ಲ. ಕೆಲವೇ ತಿಂಗಳಲ್ಲಿ 'ನನಗೆ ಗಣಿತ ಹತ್ತದು' ಎಂದು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತಾಳೆ. ಇದು ಯಾರ ಸೋಲು?

ವರ್ಗ ಸಮೀಕರಣ ಕನ್ನಡಕ್ಕೆ ಒಗ್ಗದು ಎನ್ನುವ ಮಹಾಶಯರಿಗೆ ಒಂದು ಸೈಟು ತೋರಿಸೋಣ. ಉದ್ದ ಅಗಲಕ್ಕಿಂತ 20 ಅಡಿ ಹೆಚ್ಚು, ವಿಸ್ತೀರ್ಣ 2400 ಚದರಡಿ. ಅಗಲ ಎಷ್ಟು? ಅಗಲಕ್ಕೆ ಎಕ್ಸ್ ಬೇಡ, 'ಕ' ಇಡಿ. ಗಣಿತಕ್ಕೇನೂ ನೋವಾಗದು.

ಕ² + 20ಕ − 2400 = 0

ಗುಣಿಸಿದರೆ −2400, ಕೂಡಿದರೆ 20 ಬರುವ ಎರಡು ಸಂಖ್ಯೆ ಹುಡುಕಿ. 60 ಮತ್ತು −40. ನಡುವಿನ 20ಕ ಒಡೆದು 60ಕ − 40ಕ ಮಾಡಿ. ಕ(ಕ + 60) − 40(ಕ + 60), ಅಂದರೆ (ಕ + 60)(ಕ − 40) = 0. ಗುಣಲಬ್ಧ ಸೊನ್ನೆಯಾದರೆ ಎರಡರಲ್ಲೊಂದು ಸೊನ್ನೆಯಾಗಲೇಬೇಕು. ಅಗಲ −60 ಅಡಿಯ ಸೈಟನ್ನು ಯಾವ ಬ್ರೋಕರೂ ಮಾರಲಾರ! ಉಳಿದದ್ದು 40. ನಮ್ಮೂರಿನ ನಲವತ್ತು ಅರವತ್ತರ ಸೈಟು.

ಸಂಖ್ಯೆ ಹೊಳೆಯಲಿಲ್ಲವೇ? ವರ್ಗ ಪೂರ್ಣಗೊಳಿಸಿ. ಹೆಚ್ಚಿನ 20 ಅಡಿ ಪಟ್ಟಿಯನ್ನು ಹತ್ತು ಹತ್ತು ಅಡಿಯಾಗಿ ಸೀಳಿ, 'ಕ' ಅಗಲದ ಚೌಕದ ಎರಡು ಪಕ್ಕಕ್ಕೆ ಅಂಟಿಸಿ. ಒಂದು ಮೂಲೆ ಮಾತ್ರ ಖಾಲಿ, 10 × 10 = 100. ಅದನ್ನೂ ತುಂಬಿದರೆ 2500 ಚದರಡಿಯ ಪೂರ್ಣ ಚೌಕ, ಬದಿ 50. ಹತ್ತು ಕಳೆಯಿರಿ, 40. ಸೂತ್ರ ಬಾಯಿಪಾಠ ಮಾಡಿಸುವ ಮೇಷ್ಟ್ರುಗಳು ಈ ಮೂಲೆಯನ್ನೇಕೆ ತೋರಿಸುವುದಿಲ್ಲವೋ!

ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲೇ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ವರ್ಗ ಸಮೀಕರಣ ಬಿಡಿಸಿದ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಹೇಳಿದ. ಬರೆದದ್ದು ಸಂಸ್ಕೃತದಲ್ಲಿ, ಅದನ್ನು ಮುಚ್ಚಿಡಬೇಕಿಲ್ಲ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಲೆಕ್ಕಕ್ಕೆ ಕನ್ನಡ ಸಾಲದು ಎಂಬ ಮಾತು ಅವನಿಗೆ ಹೊಳೆದೇ ಇರಲಿಲ್ಲ.

ಜೆಇಇ ಮೇನ್ ಪ್ರಶ್ನೆಪತ್ರಿಕೆ 2021ರಿಂದ ಕನ್ನಡದಲ್ಲೂ ಇದೆ. ಪಾಠ ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿ. ಪ್ರಶ್ನೆ ಒಂದು ನುಡಿಯಲ್ಲಿ, ಕಲಿಕೆ ಇನ್ನೊಂದರಲ್ಲಿ! ಇಂಗ್ಲಿಷ್ ಪದ ಬೇಡವೆಂದು ನಾವು ಹೇಳುತ್ತಿಲ್ಲ. ಎರಡೂ ಪದ ಬೋರ್ಡಿನ ಮೇಲೆ ಅಕ್ಕಪಕ್ಕ ಬರಲಿ. ಉಪನ್ಯಾಸಕರಿಗೆ ಎಷ್ಟು ಸೀಮೆಸುಣ್ಣ ಸವೆದೀತು?

ತಮ್ಮನನ್ನೋ ತಂಗಿಯನ್ನೋ ಕೋಚಿಂಗಿಗೆ ಸೇರಿಸಲು ಹೋದಾಗ ಕೌಂಟರಿನಲ್ಲೇ ಕೇಳಿ: ಉದ್ದ 20 ಅಡಿ ಹೆಚ್ಚು, ವಿಸ್ತೀರ್ಣ 1500 ಚದರಡಿ, ಅಗಲ ಎಷ್ಟು? ಕನ್ನಡದಲ್ಲಿ ಬಿಡಿಸಿ ತೋರಿಸಲಿ. ಫೀಜಿನ ಮಾತು ಆಮೇಲೆ.