ಕಳಸದ ಕಾಫಿ ಹೂವಿನ ಚಿತ್ರ ಯಾರ ಸ್ವತ್ತು?



ಕಳಸದ ಕಾಫಿ ಹೂವಿನ ಚಿತ್ರವನ್ನು, ತೆಗೆದ ಛಾಯಾಗ್ರಾಹಕರನ್ನು ಒಂದು ಮಾತೂ ಕೇಳದೆ ಎನ್‌ಎಫ್‌ಟಿಯಾಗಿ ಮಾರಿದವರು ಈಗ ಕೊಡುತ್ತಿರುವ ಸಮಜಾಯಿಷಿ ಕಾನೂನಿಗೂ ಹೊರತು, ನ್ಯಾಯಕ್ಕೂ ಹೊರತು. ವರ್ಷಗಳ ಹಿಂದೆ ಕ್ಯಾಲೆಂಡರ್‌ಗೆಂದು ಕೊಟ್ಟ ಚಿತ್ರದ ಮೇಲಿನ ಹಕ್ಕೆಲ್ಲ ಅಂದೇ ತಮ್ಮದಾಯಿತೆಂಬ ಅವರ ವಾದಕ್ಕೆ ಚಿಕ್ಕಮಗಳೂರು ಜಿಲ್ಲೆಯಲ್ಲೇ ಕೆಲವರು ತಲೆದೂಗುತ್ತಿರುವುದು ಇನ್ನೂ ನೋವಿನ ಸಂಗತಿ.

ಎನ್‌ಎಫ್‌ಟಿ ಎಂಬುದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಅನೇಕ ಕಂಪ್ಯೂಟರ್‌ಗಳಲ್ಲಿ ಏಕಕಾಲಕ್ಕೆ ಉಳಿಯುವ ಮತ್ತು ಸುಲಭವಾಗಿ ತಿದ್ದಲಾಗದ ಲೆಕ್ಕದ ಪುಸ್ತಕದಲ್ಲಿ, ಮಾಡಿದ ಒಂದು ನಮೂದು ಮಾತ್ರ. ಬಹುತೇಕ ಸಂದರ್ಭಗಳಲ್ಲಿ ಚಿತ್ರವೂ ಅದರೊಳಗೆ ಇರುವುದಿಲ್ಲ, ಬೇರೆಡೆ ಇಟ್ಟ ಚಿತ್ರದ ವಿಳಾಸವಷ್ಟೇ ಇರುತ್ತದೆ. ಪಕ್ಕದವರ ತೋಟದ ಪಹಣಿ ಪ್ರತಿಯನ್ನು ಮಾರಿದರೆ ತೋಟ ಮಾರಿದಂತಾಗುವುದಿಲ್ಲ. 2021ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ‘ಡ್ಯೂನ್’ ಸಿನಿಮಾದ ರೇಖಾಚಿತ್ರಗಳ ಪುಸ್ತಕವೊಂದಕ್ಕೆ ಬ್ಲಾಕ್‌ಚೈನ್ ಉತ್ಸಾಹಿಗಳ ಗುಂಪೊಂದು ಸುಮಾರು 26.6 ಲಕ್ಷ ಯೂರೊ ತೆತ್ತರೂ, ಕೃತಿಸ್ವಾಮ್ಯ ಆ ಪುಸ್ತಕದೊಂದಿಗೆ ಬರಲಿಲ್ಲ.

ಕೃತಿಸ್ವಾಮ್ಯವೆಂದರೆ ಕೃತಿಯನ್ನು ನಕಲು ಮಾಡುವ, ಪ್ರಕಟಿಸುವ, ಮಾರುವ ಹಕ್ಕು; ಅದು ಚಿತ್ರ ತೆಗೆದ ಕ್ಷಣದಲ್ಲೇ, ನೋಂದಣಿಯ ಅಗತ್ಯವಿಲ್ಲದೆ ಹುಟ್ಟುತ್ತದೆ. 1957ರ ಕಾಯ್ದೆಯ ಪ್ರಕಾರ ಅದರ ವರ್ಗಾವಣೆ ಸಹಿ ಮಾಡಿದ ಬರಹದಲ್ಲೇ ಆಗಬೇಕು; ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷಕ್ಕೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಅಷ್ಟೇ ಅಲ್ಲ, 2012ರ ತಿದ್ದುಪಡಿಯಂತೆ, ವರ್ಗಾವಣೆಯ ಕಾಲಕ್ಕೆ ಬಳಕೆಯಲ್ಲೇ ಇರದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆದಿಲ್ಲದಿದ್ದರೆ, ಆ ವರ್ಗಾವಣೆ ಅನ್ವಯಿಸುವುದೇ ಇಲ್ಲ. ಎನ್‌ಎಫ್‌ಟಿಯ ಹೆಸರನ್ನೇ ಯಾರೂ ಕೇಳಿರದ ಕಾಲದಲ್ಲಿ ಬಾಯಿಮಾತಿನಲ್ಲಿ ಕ್ಯಾಲೆಂಡರ್‌ಗೆ ಕೊಟ್ಟ ಚಿತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ರಕ್ಷಣೆ ಇನ್ನೇನು ಬೇಕು? ತೆರಿಗೆ ಕಟ್ಟಿದ್ದೇವೆಂಬ ಸಬೂಬೂ ನಿಲ್ಲದು; 2022ರಿಂದ ಇಂಥ ಮಾರಾಟದ ಲಾಭಕ್ಕೆ ಶೇ 30ರಷ್ಟು ತೆರಿಗೆ ಇದೆಯೆಂದ ಮಾತ್ರಕ್ಕೆ ಕದ್ದ ಮಾಲು ಸ್ವಂತದ್ದಾಗುವುದಿಲ್ಲ.

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ರೆಂಬೆರೆಂಬೆಯಲ್ಲೂ ಬಿರಿಯುವ ಕಾಫಿ ಹೂ ಎರಡು ಮೂರು ದಿನಗಳಲ್ಲೇ ಕಂದಿಹೋಗುತ್ತದೆ. ಮಂಜು ಕರಗುವ ಮುನ್ನ, ಸಿಲ್ವರ್ ಓಕ್ ಮರಗಳ ನಡುವೆ ಬೆಳಕು ಇಳಿಯುವ ಗಳಿಗೆಗೆ ಕಾದು ನಿಂತವರ ಹೆಸರನ್ನೂ ಮಾರಿದವರು ನಮೂದಿಸಿಲ್ಲ. ಕೃತಿಕಾರನೆಂದು ಗುರುತಿಸಿಕೊಳ್ಳುವ ಹಕ್ಕು ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಉಳಿಯುತ್ತದೆಂದು ಅದೇ ಕಾಯ್ದೆಯ 57ನೇ ಕಲಂ ಹೇಳುತ್ತದೆ; ಇಲ್ಲಿ ಮಾರಾಟವೇ ನಡೆದಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಅನ್ಯಾಯವೂ ನಡೆದಿದೆ. ಚಿತ್ರದ ವಿವರಣೆಯಲ್ಲಿ, ಖರೀದಿದಾರರಿಗೆ ‘ಬಾಬಾಬುಡನ್‌ಗಿರಿ ಅರೇಬಿಕಾ’ ಹೆಸರನ್ನು ಬಳಸುವ ಪರವಾನಗಿಯೂ ಸಿಗುತ್ತದೆಂದು ಬರೆಯಲಾಗಿದೆ. ಚಿಕ್ಕಮಗಳೂರು ಅರೇಬಿಕಾದೊಂದಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ಹೆಸರು, ಅಂದರೆ ನಿರ್ದಿಷ್ಟ ಪ್ರದೇಶದ ಬೆಳೆಗೆ ಮಾತ್ರ ಸಲ್ಲುವ ಹೆಸರು, ಒಬ್ಬರ ಆಸ್ತಿಯಲ್ಲ. 1999ರ ಭೌಗೋಳಿಕ ಸೂಚಿಕೆ ಕಾಯ್ದೆಯ 24ನೇ ಕಲಂ ಅದರ ವರ್ಗಾವಣೆಯನ್ನೂ ಪರವಾನಗಿಯನ್ನೂ ಅಡಮಾನವನ್ನೂ ನಿಷೇಧಿಸುತ್ತದೆ. 2019ರಲ್ಲೇ ಕಾಫಿ ಮಂಡಳಿ ಬ್ಲಾಕ್‌ಚೈನ್ ಮಾರುಕಟ್ಟೆಯನ್ನು ಪ್ರಯೋಗಾರ್ಥವಾಗಿ ಆರಂಭಿಸಿದ್ದು ಬೀಜದ ಮೂಲವನ್ನು ಬೆಳೆಗಾರನವರೆಗೆ ತೋರಿಸಲು. ಅದೇ ತಂತ್ರಜ್ಞಾನವನ್ನು ಇಲ್ಲಿ ಮೂಲವನ್ನು ಅಳಿಸಲು ಬಳಸಲಾಗಿದೆ.

2022ರ ನವೆಂಬರ್‌ನಲ್ಲಿ ಕೆಜಿಎಫ್–2ರ ಹಾಡಿನ ಬಳಕೆ ಬಗ್ಗೆ ಸಂಗೀತ ಕಂಪನಿಯೊಂದು ದೂರಿದಾಗ, ಬೆಂಗಳೂರಿನ ನ್ಯಾಯಾಲಯ ರಾಷ್ಟ್ರೀಯ ಪಕ್ಷವೊಂದರ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತ್ತು. ಮರುದಿನ ಹೈಕೋರ್ಟ್ ಅದನ್ನು ರದ್ದುಗೊಳಿಸಿದರೂ, ಹಾಡು ಬಳಸಿದ್ದ ಭಾಗಗಳನ್ನು ತೆಗೆಯಬೇಕೆಂಬ ಷರತ್ತು ಹಾಕಿತು. ಕಂಪನಿಯ ಹಾಡಿಗೆ ಸಿಕ್ಕ ಗೌರವ ಕಳಸದ ಚಿತ್ರಕ್ಕೆ ಏಕಿಲ್ಲ? ಕೃತಿಸ್ವಾಮ್ಯ ಉಲ್ಲಂಘನೆಯ ದಾವೆಯನ್ನು ದೂರುದಾರರು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಲು 1957ರ ಕಾಯ್ದೆಯ 62ನೇ ಕಲಂ ಅವಕಾಶ ಕೊಟ್ಟಿದೆ. ಛಾಯಾಗ್ರಾಹಕರ ವೆಚ್ಚ ಭರಿಸಲು ಬೆಳೆಗಾರರ ಸಂಘಗಳು ಮುಂದಾಗಬೇಕು. ಭೌಗೋಳಿಕ ಸೂಚಿಕೆಯ ಹೆಸರನ್ನು ಹರಾಜಿಗಿಟ್ಟವರ ಮೇಲೆ ಕಾಫಿ ಮಂಡಳಿ ತಾನೇ ದೂರು ದಾಖಲಿಸಬೇಕು. ಮಾರಿದವರು ಬಂದ ಹಣವನ್ನು ಚಿತ್ರ ತೆಗೆದವರಿಗೆ ಒಪ್ಪಿಸಿ, ಇದೇ ಪತ್ರಿಕೆಯಲ್ಲಿ ಅವರ ಹೆಸರು ಹೇಳಿ ಕ್ಷಮೆ ಕೇಳಲಿ.

– ಓದುಗರು, ಕಳಸ