ಸತ್ತ ಆನೆಯ ಕನ್ನಡ

ಹಳೆಯ ಇ-ರೀಡರ್‌ಗೆ ಬ್ಯಾಟರಿ ಹಾಕಿಸೋಣವೆಂದು ಈ ವಾರ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಅದನ್ನು ತಿರುಗಿಸಿ ಕೂಡ ನೋಡಲಿಲ್ಲ. 'ಇದಕ್ಕೆಲ್ಲ ಸಪೋರ್ಟ್ ಇಲ್ಲ ಸಾರ್, ಸ್ಕ್ರ್ಯಾಪ್‌ಗೆ ಹಾಕಿ' ಅಂದ. ಪಿತ್ತ ನೆತ್ತಿಗೇರಿತು. ಆನೆ ಸತ್ತರೂ ಸಾವಿರ ಅನ್ನುವ ನಾಡಿನಲ್ಲಿ ಹುಟ್ಟಿದವನ ಮಾತೇ ಇದು?

ಅದೇ ಯಂತ್ರ ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಕೂತಿದೆ. ತಿಥಿ, ರಾಹುಕಾಲ, ಮಳೆ ಬರುತ್ತದೋ ಇಲ್ಲವೋ, ಕರೆಂಟ್ ಬಿಲ್ ಕಟ್ಟಲು ಕೊನೆಯ ದಿನ, ಎಲ್ಲ ಅದರಲ್ಲೇ. ಅಕ್ಕನ ಮಗನ ಕೈಚಳಕ. ಬ್ಯಾಟರಿಯ ಗೊಡವೆಯೇ ಬೇಡವೆಂದು ಚಾರ್ಜರ್ ವೈರನ್ನು ಖಾಯಂ ಸಿಕ್ಕಿಸಿದ್ದಾನೆ. ಮೂಲೆಯಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರ್ ಈ ವಿವರಗಳನ್ನೆಲ್ಲ ಕಪ್ಪು-ಬಿಳುಪಿನ ಚಿತ್ರವಾಗಿ ಹೊಂದಿಸುತ್ತದೆ. ರೀಡರ್ ಗಂಟೆಗೊಮ್ಮೆ ಎಚ್ಚೆತ್ತು ವೈಫೈಯಲ್ಲಿ ಅದನ್ನು ಇಳಿಸಿಕೊಂಡು ಮತ್ತೆ ಮಲಗುತ್ತದೆ. ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ಅಗಲದ ಗುಳಿಗೆಗಳಿವೆ, ಅವುಗಳಲ್ಲಿ ಕಪ್ಪು-ಬಿಳಿ ಕಣಗಳು. ವಿದ್ಯುತ್ತು ಒಮ್ಮೆ ಮೇಲೆ ಕೆಳಗೆ ಸರಿಸಿದರೆ ಸಾಕು, ಇದ್ದಲ್ಲೇ ನಿಂತುಬಿಡುತ್ತವೆ. ಹೀಗಾಗಿ ಕರೆಂಟು ಹೋಗಿ ವೈಫೈ ನಿಂತರೂ ತಿಥಿ ಅಳಿಸಿಹೋಗುವುದಿಲ್ಲ. (ನಿನ್ನೆಯ ಏಕಾದಶಿಗೆ ಇವತ್ತೂ ಉಪವಾಸ ಮಾಡುವ ಅಪಾಯವುಂಟು, ಅಷ್ಟೇ.)

ಇಷ್ಟಕ್ಕೆ ಅವನು ಅದರ ಸಾಫ್ಟ್‌ವೇರಿನ ಬೀಗ ಒಡೆಯಬೇಕಾಯಿತು. ದುಡ್ಡು ಕೊಟ್ಟು ಕೊಂಡ ನನ್ನದೇ ವಸ್ತುವಿನೊಳಕ್ಕೆ ಕನ್ನ ಹಾಕಿ ನುಗ್ಗಿದ ಹಾಗೆ! ಅದನ್ನೂ ಸಹಿಸಿಕೊಂಡೇನು. ಸಹಿಸಲಾಗದ್ದು ಬೇರೆಯೇ ಇದೆ.

ಆ ರೀಡರ್ ಚೆನ್ನಾಗಿದ್ದ ಕಾಲದಲ್ಲಿ ಅದಕ್ಕೆ ಕನ್ನಡವೇ ಬರುತ್ತಿರಲಿಲ್ಲ. ಕನ್ನಡದ ಕಡತ ತೆರೆದರೆ ಸಾಲು ಸಾಲು ಖಾಲಿ ಚೌಕ. ಇನ್ನು ಇ-ಪುಸ್ತಕದ ಅಂಗಡಿಯ ಮಾತೆತ್ತಿದರೆ, ಅಮೆಜಾನ್ 2016ರ ಡಿಸೆಂಬರಿನಲ್ಲಿ ತನ್ನ ಇ-ರೀಡರ್ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಕಚೇರಿ ಇಟ್ಟುಕೊಂಡವರಿಗೆ ಆ ಪಟ್ಟಿಯಲ್ಲಿ ಕನ್ನಡ ಸೇರಿಸಬೇಕೆಂದು ತೋಚಲಿಲ್ಲ. ನಾವಾದರೂ ಗಟ್ಟಿಯಾಗಿ ಕೇಳಿದೆವೇ? ಇಂಗ್ಲಿಷಿನಲ್ಲಿ ಓದಿಕೊಂಡು ಸುಮ್ಮನಿದ್ದೆವು.

ಈಗ ಅದೇ ಪರದೆಯ ಮೇಲೆ 'ಕೃಷ್ಣಪಕ್ಷ', 'ಉತ್ತರಾಷಾಢ' ಒತ್ತು, ದೀರ್ಘ ಯಾವುದೂ ತಪ್ಪದೆ ಮೂಡುತ್ತವೆ. ಅಕ್ಷರ ಆ ಪುಟಾಣಿ ಕಂಪ್ಯೂಟರಿನಲ್ಲೇ ಚಿತ್ರವಾಗಿ ಬರುವುದರಿಂದ ರೀಡರ್‌ಗೆ ಫಾಂಟಿನ ತಂಟೆಯೇ ಇಲ್ಲವಂತೆ. ಹುಡುಗನಿಗೆ ಇದಕ್ಕೆ ಒಂದು ಭಾನುವಾರ ಸಾಕಾಯಿತು. ಕಂಪನಿಗಳ ಕ್ಯಾಲೆಂಡರಿನಲ್ಲಿ ಭಾನುವಾರವೇ ಇರಲಿಲ್ಲವೋ ಏನೋ.